ಹಸಿವು ಕಡಿಮೆ ಮಾಡುವ ಆಹಾರ ಅಂತ ನಿಜವಾಗಿ ಏನಾದರೂ ಇದೆಯಾ?

ಹಸಿದ_ಹೊಟ್ಟೆ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ವಯಸ್ಸು 41, ತೂಕ 88 ಕೆಜಿ. ಮೊಣಕಾಲು ನೋವು ಅಂತ ಹೋದರೆ ಡಾಕ್ಟರು ಮೊಣಕಾಲು ಮುಟ್ಟಿಯೂ ನೋಡದೆ "ಮೊದಲು 8 ಕೆಜಿ ಇಳಿಸಿ ಬನ್ನಿ" ಅಂದುಬಿಟ್ಟರು.

ಬೆಳಿಗ್ಗೆ, ಮಧ್ಯಾಹ್ನ ನನಗೇನೂ ಕಷ್ಟ ಇಲ್ಲ. ಕಷ್ಟ ಶುರುವಾಗುವುದು ಸಂಜೆ 6ಕ್ಕೆ. ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕೈ ಬಿಸ್ಕತ್ ಡಬ್ಬಿಯೊಳಗೆ ಇರುತ್ತದೆ. ಹಾಗಾಗಿ "ಹಸಿವು ತಡೆಯುವ ಆಹಾರಗಳು" ಅಂತ ಕಂಡಿದ್ದನ್ನೆಲ್ಲ ಮಾಡಿ ನೋಡಿದೆ. ಬೆಳಿಗ್ಗೆ ಎದ್ದು ವಿನೆಗರ್ ನೀರು. ದಿನಕ್ಕೆ ಮೂರು ಲೋಟ ಗ್ರೀನ್ ಟೀ. ಸಂಜೆ ಒಂದು ಹಿಡಿ ಬಾದಾಮಿ. ಎರಡು ತಿಂಗಳು ಬಿಡದೆ ಮಾಡಿದೆ. ತೂಕ ಒಂದೂವರೆ ಕೆಜಿ ಏರಿತು.

ಇದೆಲ್ಲ ಸುಳ್ಳೇ, ಅಥವಾ ನಾನೇ ಎಲ್ಲೋ ತಪ್ಪು ಮಾಡುತ್ತಿದ್ದೇನಾ?

ಸಂಶಯ_ಪಿಶಾಚಿ · ಸೋಮವಾರ, ರಾತ್ರಿ 9:52

ತಿಂದು ತೂಕ ಇಳಿಸುವುದು ಅಂದರೆ ಸಾಲ ಮಾಡಿ ಸಾಲ ತೀರಿಸಿದ ಹಾಗೆ. ಸುಳ್ಳೇ. ಮುಂದಿನ ಪ್ರಶ್ನೆ?

ಅಡುಗೆಮನೆ_ಅಕ್ಕ · ಸೋಮವಾರ, ರಾತ್ರಿ 10:15

ಪಿಶಾಚಿಯವರೇ, ಒಂದು ನಿಮಿಷ ಸುಮ್ಮನಿರಿ. ಹೊಸಬರು ಬಂದಿದ್ದಾರೆ, ಹೆದರಿಸಬೇಡಿ.

ಹಸಿದ ಹೊಟ್ಟೆಯವರೇ, ನನ್ನದು ಎರಡೇ ಪ್ರಶ್ನೆ. ಒಂದು, ನಿಮ್ಮ ಒಂದು ಹಿಡಿ ಬಾದಾಮಿ ಎಷ್ಟು ಗ್ರಾಂ? ತೂಕ ಮಾಡಿ ಹೇಳಿ, ಅಂದಾಜು ಬೇಡ. ಎರಡು, ಅದನ್ನು ಬಿಸ್ಕತ್ತಿನ ಬದಲಿಗೆ ತಿಂದಿರೋ, ಬಿಸ್ಕತ್ತಿನ ಜೊತೆಗೆ ತಿಂದಿರೋ?

ಹಸಿದ_ಹೊಟ್ಟೆ · ಸೋಮವಾರ, ರಾತ್ರಿ 10:31

ಅಕ್ಕಾ, ಈಗಷ್ಟೇ ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟು ನೋಡಿದೆ. 52 ಗ್ರಾಂ. ನನ್ನ ಕೈ ಸ್ವಲ್ಪ ದೊಡ್ಡದು. ಸಂಜೆ ಒಂದು ಸಲ, ಮಲಗುವ ಮೊದಲು ಒಂದು ಸಲ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನಾಚಿಕೆ ಆಗುತ್ತಿದೆ. ಜೊತೆಗೆ.

ಲೆಕ್ಕದ_ಮೇಷ್ಟ್ರು · ಸೋಮವಾರ, ರಾತ್ರಿ 10:58

ಸಿಕ್ಕಿತಲ್ಲ ಉತ್ತರ. 100 ಗ್ರಾಂ ಬಾದಾಮಿಗೆ ಹೆಚ್ಚುಕಡಿಮೆ 580 ಕ್ಯಾಲೊರಿ. ನೀವು ದಿನಕ್ಕೆ 104 ಗ್ರಾಂ ತಿಂದಿದ್ದೀರಿ. ಅಂದರೆ 600 ಕ್ಯಾಲೊರಿ, ಅದೂ ಇದ್ದ ಊಟದ ಮೇಲೆ.

ಬಾದಾಮಿಯ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಜನರಿಗೆ ಬಾದಾಮಿ ತಿನ್ನಿಸಿ, ದೇಹ ಹೀರಿಕೊಂಡದ್ದೆಷ್ಟು, ಹೊರಗೆ ಹೋದದ್ದೆಷ್ಟು ಅಂತ ಅಳೆದರು. 28 ಗ್ರಾಂಗೆ ಲೇಬಲ್ ಮೇಲೆ ಸುಮಾರು 170 ಕ್ಯಾಲೊರಿ ಇದ್ದರೆ ದೇಹಕ್ಕೆ ನಿಜವಾಗಿ ಸಿಕ್ಕಿದ್ದು 129. ಬಾದಾಮಿಯ ಜೀವಕೋಶದ ಗೋಡೆ ಗಟ್ಟಿ. ಸರಿಯಾಗಿ ಅಗಿಯದೆ ನುಂಗಿದ ಚೂರುಗಳೊಳಗಿನ ಕೊಬ್ಬು ಹಾಗೆಯೇ ಹೊರಟುಹೋಗುತ್ತದೆ. ಆ ರಿಯಾಯಿತಿ ಕೊಟ್ಟರೂ ನಿಮ್ಮ ಲೆಕ್ಕ 480ರ ಹತ್ತಿರ ನಿಲ್ಲುತ್ತದೆ. ಎರಡು ತಿಂಗಳಲ್ಲಿ ಒಂದೂವರೆ ಕೆಜಿ ಮಾತ್ರ ಏರಿದೆ ಅಂದರೆ ಬಾದಾಮಿ ನಿಮ್ಮ ಬೇರೆ ಊಟವನ್ನು ಅಷ್ಟಿಷ್ಟು ತಗ್ಗಿಸಿದೆ ಅಂತಲೇ ಅರ್ಥ. ಪಾಪ, ಅದು ತನ್ನ ಕೆಲಸ ಮಾಡಿದೆ.

ಹಸಿದ_ಹೊಟ್ಟೆ · ಸೋಮವಾರ, ರಾತ್ರಿ 11:05

ಮೇಷ್ಟ್ರೇ, ಹಾಗಾದರೆ ವಿನೆಗರ್? ಅದರಲ್ಲಿ ಕ್ಯಾಲೊರಿ ಏನೂ ಇಲ್ಲವಲ್ಲ.

ಸಂಶಯ_ಪಿಶಾಚಿ · ಸೋಮವಾರ, ರಾತ್ರಿ 11:20

ಇದು ನನ್ನ ಇಷ್ಟದ ವಿಷಯ, ನಾನೇ ಹೇಳುತ್ತೇನೆ.

2009ರಲ್ಲಿ ಜಪಾನಿನಲ್ಲಿ ಒಂದು ಅಧ್ಯಯನ ಬಂತು. ದಿನಕ್ಕೆ 15 ಅಥವಾ 30 ಎಂಎಲ್ ವಿನೆಗರ್, 12 ವಾರ. ಇಳಿದದ್ದು 1ರಿಂದ 2 ಕೆಜಿ. ಮೂರು ತಿಂಗಳು ಹುಳಿ ನೀರು ಕುಡಿದಿದ್ದಕ್ಕೆ ಅಷ್ಟೇ ಕೂಲಿ. ಆಮೇಲೆ 2024ರಲ್ಲಿ ಲೆಬನಾನ್‌ನಿಂದ ಇನ್ನೊಂದು ಬಂತು. ಅದೇ 12 ವಾರ, ಆದರೆ 6ರಿಂದ 8 ಕೆಜಿ ಇಳಿಯಿತಂತೆ! ಲೋಕವೆಲ್ಲ ಸುದ್ದಿ. ಅಂಕಿಅಂಶಗಳನ್ನು ಬೇರೆಯವರು ಪರಿಶೀಲಿಸಿದಾಗ ಲೆಕ್ಕ ಕೂಡಲಿಲ್ಲ. 2025ರಲ್ಲಿ ಪ್ರಕಾಶಕರೇ ಆ ಪ್ರಬಂಧವನ್ನು ವಾಪಸ್ ತೆಗೆದುಕೊಂಡರು. ಸುದ್ದಿ ಮಾಡಿದ ಎಷ್ಟು ಜನ ಇದನ್ನೂ ಸುದ್ದಿ ಮಾಡಿದರು ಹೇಳಿ?

ಗ್ರೀನ್ ಟೀ ಕಥೆ ಇನ್ನೂ ಚಿಕ್ಕದು. 2012ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿತು. ತೂಕದಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಕಾಣಲಿಲ್ಲ. ರುಚಿ ಇಷ್ಟ ಇದ್ದರೆ ಕುಡಿಯಿರಿ.

ಬಿಳಿಕೋಟು · ಮಂಗಳವಾರ, ಬೆಳಿಗ್ಗೆ 7:10

ನಾನು ಡಯಟಿಷಿಯನ್. ವಿನೆಗರ್ ಬಗ್ಗೆ ಒಂದು ಸೇರಿಸುತ್ತೇನೆ. ಅದರ ಹುಳಿ ಹಲ್ಲಿನ ಎನಾಮಲ್ ತಿನ್ನುತ್ತದೆ. ಕುಡಿಯಲೇಬೇಕು ಅಂತಿದ್ದರೆ ನೀರಿನಲ್ಲಿ ಚೆನ್ನಾಗಿ ತೆಳು ಮಾಡಿ, ಕುಡಿದ ತಕ್ಷಣ ಹಲ್ಲು ಉಜ್ಜಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಉಳಿದದ್ದು ಸಂಜೆ ಬಿಡುವಾದಾಗ ಬರೆಯುತ್ತೇನೆ.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 1:30

ಊಟದ ವಿರಾಮ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಏಕೆಂದರೆ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು. "ಯಾವ ಆಹಾರ ಹಸಿವನ್ನು ಕೊಲ್ಲುತ್ತದೆ" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಅಷ್ಟೇ ಕ್ಯಾಲೊರಿಗೆ ಯಾವುದು ಹೆಚ್ಚು ಹೊತ್ತು ಹೊಟ್ಟೆ ತುಂಬಿಸುತ್ತದೆ" ಅಂತ ಕೇಳಿದರೆ ಸಿಗುತ್ತದೆ.

1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು ಇದನ್ನೇ ಮಾಡಿದರು. 38 ಬಗೆಯ ಆಹಾರ ತೆಗೆದುಕೊಂಡರು. ಪ್ರತಿಯೊಂದರಲ್ಲೂ ಸರಿಯಾಗಿ 240 ಕ್ಯಾಲೊರಿ ಬರುವಷ್ಟು ತೂಕ ಮಾಡಿ ಕೊಟ್ಟರು. ತಿಂದ ಮೇಲೆ ಎರಡು ಗಂಟೆ, 15 ನಿಮಿಷಕ್ಕೊಮ್ಮೆ "ಈಗ ಹಸಿವು ಎಷ್ಟಿದೆ" ಅಂತ ಕೇಳಿದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿದರು. ಇದಕ್ಕೆ ಸಟೈಟಿ ಇಂಡೆಕ್ಸ್ ಅನ್ನುತ್ತಾರೆ. ಅಂಕ ಜಾಸ್ತಿ ಇದ್ದಷ್ಟೂ ಹೊಟ್ಟೆ ಹೆಚ್ಚು ತುಂಬಿತು ಅಂತ ಅರ್ಥ.

ಕೊನೆಯ ಸ್ಥಾನ ಕ್ರೊಸಾಂ ಅನ್ನುವ ಬೆಣ್ಣೆ ತುಂಬಿದ ಬನ್ನಿಗೆ, 47. ಕೇಕ್ 65. ಕಡಲೆಕಾಯಿ 84, ಅಂದರೆ ಬ್ರೆಡ್ಡಿಗಿಂತ ಕಡಿಮೆ. ಮೊಟ್ಟೆ 150. ಸೇಬು 197, ಕಿತ್ತಳೆ 202. ಓಟ್ಸ್ ಗಂಜಿ 209. ಮೀನು 225.

ಮೊದಲ ಸ್ಥಾನ ಯಾರಿಗೆ? ಬೇಯಿಸಿದ ಆಲೂಗಡ್ಡೆಗೆ. 323!

ತೂಕ ಇಳಿಸಬೇಕು ಅಂದ ತಕ್ಷಣ ಎಲ್ಲರೂ ಮೊದಲು ಮನೆಯಿಂದ ಹೊರಗೆ ಹಾಕುವುದು ಅದನ್ನೇ ಅಲ್ವಾ?

ಕಾರಣ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. 240 ಕ್ಯಾಲೊರಿಯ ಆಲೂಗಡ್ಡೆ ಅಂದರೆ 280 ಗ್ರಾಂ ಹತ್ತಿರ. ಎರಡು ಒಳ್ಳೆ ಗಾತ್ರದ ಗಡ್ಡೆ, ಒಂದು ತಟ್ಟೆ ತುಂಬ. ಅಷ್ಟೇ ಕ್ಯಾಲೊರಿಯ ಕ್ರೊಸಾಂ ಅಂದರೆ 60 ಗ್ರಾಂ, ನಾಲ್ಕು ತುತ್ತು. ಹೊಟ್ಟೆಗೆ ಕ್ಯಾಲೊರಿ ಓದಲು ಬರುವುದಿಲ್ಲ. ಎಷ್ಟು ಹಿಗ್ಗಿದೆ ಅನ್ನುವುದು ಅದಕ್ಕೆ ಮೊದಲು ಗೊತ್ತಾಗುತ್ತದೆ. ಆ ಪಟ್ಟಿಯಲ್ಲಿ ನೀರು, ನಾರು, ಪ್ರೋಟೀನ್ ಜಾಸ್ತಿ ಇದ್ದದ್ದು ಮೇಲಕ್ಕೆ ಹೋಯಿತು, ಕೊಬ್ಬು ಜಾಸ್ತಿ ಇದ್ದದ್ದು ಕೆಳಕ್ಕೆ ಬಂತು.

ಸಂಶಯ_ಪಿಶಾಚಿ · ಮಂಗಳವಾರ, ಮಧ್ಯಾಹ್ನ 2:04

ಮೇಷ್ಟ್ರೇ, ಪೂರ್ತಿ ಹೇಳಿ. ಒಂದೊಂದು ಆಹಾರ ತಿಂದು ಅಂಕ ಕೊಟ್ಟವರು 11ರಿಂದ 13 ಜನ. ನೋಡಿದ್ದು ಎರಡು ಗಂಟೆ. ಅದರಲ್ಲಿ ಯಾರ ತೂಕವನ್ನೂ ಅಳೆಯಲಿಲ್ಲ. ಮಧ್ಯಾಹ್ನ ಕಡಿಮೆ ತಿಂದವರು ರಾತ್ರಿ ಸರಿಮಾಡಿಕೊಳ್ಳುವುದಿಲ್ಲ ಅಂತ ಏನು ಗ್ಯಾರಂಟಿ? ಹೊಟ್ಟೆ ತುಂಬುವುದು ಬೇರೆ, ತೂಕ ಇಳಿಯುವುದು ಬೇರೆ.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 2:11

ಒಪ್ಪಿದೆ. ಒಳ್ಳೆಯ ಆಕ್ಷೇಪ.

ಸಂಶಯ_ಪಿಶಾಚಿ · ಮಂಗಳವಾರ, ಮಧ್ಯಾಹ್ನ 2:12

ಇಷ್ಟು ಬೇಗ ಒಪ್ಪಿದರೆ ಜಗಳದ ಮಜವೇ ಹೋಯಿತು.

ಅಡುಗೆಮನೆ_ಅಕ್ಕ · ಮಂಗಳವಾರ, ಸಂಜೆ 4:45

ಆಲೂಗಡ್ಡೆ ಅಂದ ತಕ್ಷಣ ಯಾರೂ ಬಾಣಲೆ ಇಡಬೇಡಿ ದಯವಿಟ್ಟು. 323 ಅಂಕ ಬಂದದ್ದು ಬೇಯಿಸಿದ ಗಡ್ಡೆಗೆ. ಅದೇ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಕರಿದರೆ ನೀರೆಲ್ಲ ಆವಿಯಾಗಿ ಹೋಗಿ ಆ ಜಾಗಕ್ಕೆ ಎಣ್ಣೆ ಬಂದು ಕೂರುತ್ತದೆ. 100 ಗ್ರಾಂ ಬೇಯಿಸಿದ ಗಡ್ಡೆಗೆ 85ರ ಸುಮಾರು ಕ್ಯಾಲೊರಿ, 100 ಗ್ರಾಂ ಚಿಪ್ಸ್‌ಗೆ 500ಕ್ಕೂ ಜಾಸ್ತಿ. ಗಡ್ಡೆ ಅದೇ. ನಾವು ಅದಕ್ಕೆ ಮಾಡಿದ್ದು ಬೇರೆ.

ನಾನು ದಿನಾ ಹತ್ತಾರು ಜನರಿಗೆ ಅಡುಗೆ ಮಾಡಿ ಬಡಿಸುವವಳು. ನನ್ನ ಕಣ್ಣಿಗೆ ಕಂಡ ಒಂದು ವಿಷಯ ಹೇಳುತ್ತೇನೆ. ಊಟಕ್ಕೆ ಮೊದಲು ಒಂದು ಬಟ್ಟಲು ತೆಳು ತರಕಾರಿ ಸೂಪ್ ಕೊಟ್ಟ ದಿನ ಪಾತ್ರೆಯಲ್ಲಿ ಅಡುಗೆ ಉಳಿಯುತ್ತದೆ. ಸೂಪ್ ಇಲ್ಲದ ದಿನ ಪಾತ್ರೆ ಕೆರೆಯುತ್ತಾರೆ. ಯಾರೂ ಡಯಟ್ ಮಾಡುತ್ತಿಲ್ಲ, ಯಾರಿಗೂ ಗೊತ್ತೂ ಇಲ್ಲ.

ಆಮೇಲೆ ಓದಿದರೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಅನ್ನುವವರು ಇದನ್ನೇ 1999ರಲ್ಲಿ ಅಳೆದು ನೋಡಿದ್ದಾರೆ. ಕೋಳಿ, ಅನ್ನ, ತರಕಾರಿ ಹಾಕಿದ ಒಂದು ತಿನಿಸು. ಒಂದು ದಿನ ಅದನ್ನು ಹಾಗೆಯೇ ಕೊಟ್ಟರು. ಇನ್ನೊಂದು ದಿನ ಅದರ ಪಕ್ಕಕ್ಕೆ ಒಂದು ಲೋಟ ನೀರು ಇಟ್ಟರು. ಮತ್ತೊಂದು ದಿನ ಅಷ್ಟೇ ನೀರನ್ನು ಅದರೊಳಗೇ ಹಾಕಿ ಕುದಿಸಿ ಸೂಪ್ ಮಾಡಿದರು. ನೀರನ್ನು ಪಕ್ಕದಲ್ಲಿ ಕುಡಿದ ದಿನ ವ್ಯತ್ಯಾಸ ಆಗಲಿಲ್ಲ. ಸೂಪ್ ಆದ ದಿನ ಮುಂದಿನ ಊಟ ಕಡಿಮೆಯಾಯಿತು. ಸಾಮಾನು ಅದೇ, ನೀರು ಅದೇ!

2009ರಲ್ಲಿ ಅವರ ತಂಡದ್ದೇ ಸೇಬಿನ ಪ್ರಯೋಗವೂ ಇದೆ. ಊಟಕ್ಕೆ ಮೊದಲು ಇಡೀ ಸೇಬು ತಿಂದವರು ಒಟ್ಟಾರೆ 15 ಪರ್ಸೆಂಟ್ ಕಡಿಮೆ ತಿಂದರು. ಅಷ್ಟೇ ಕ್ಯಾಲೊರಿಯ ಸೇಬಿನ ಜ್ಯೂಸ್ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ. ನಾರು ಸೇರಿಸಿದ ಜ್ಯೂಸಿಗೂ ಸೇಬಿನ ಗುಣ ಬರಲಿಲ್ಲ. ಹಲ್ಲಿಗೆ ಕೆಲಸ ಇರಬೇಕು ಅಂತ ನನ್ನ ಲೆಕ್ಕ.

ರಾತ್ರಿ_ಪಾಳಿ · ಮಂಗಳವಾರ, ಸಂಜೆ 5:30

ಊಟಕ್ಕೆ ಮೊದಲು ನೀರು ಕುಡಿದರೆ ಉಪಯೋಗ ಇಲ್ಲ ಅಂತಲಾ ಹಾಗಾದರೆ? ನಾನು ದಿನಾ ಕುಡಿಯುತ್ತೇನೆ.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಸಂಜೆ 5:48

ಪೂರ್ತಿ ಇಲ್ಲ ಅಂತಲ್ಲ. 2010ರಲ್ಲಿ ನಡುವಯಸ್ಸು ದಾಟಿದವರ ಮೇಲೆ 12 ವಾರದ ಪ್ರಯೋಗ ಆಗಿದೆ. ಎರಡೂ ಗುಂಪಿಗೂ ಕಡಿಮೆ ಕ್ಯಾಲೊರಿಯ ಊಟ. ಒಂದು ಗುಂಪು ಪ್ರತಿ ಊಟಕ್ಕೆ ಮೊದಲು ಅರ್ಧ ಲೀಟರ್ ನೀರು ಕುಡಿಯಿತು. ಅವರು 2 ಕೆಜಿ ಜಾಸ್ತಿ ಇಳಿದರು. ಕುಡಿಯುತ್ತಾ ಇರಿ. ಹೃದಯ, ಕಿಡ್ನಿ ತೊಂದರೆ ಇದ್ದು ನೀರಿಗೆ ಮಿತಿ ಹೇಳಿರುವವರಿಗೆ ಮಾತ್ರ ಇದು ಬೇಡ.

ಸ್ಲಿಮ್_ಗುರು_ಅಧಿಕೃತ · ಮಂಗಳವಾರ, ಸಂಜೆ 6:15

ನೂರಕ್ಕೆ ನೂರು ನೈಸರ್ಗಿಕ ಪುಡಿ! ಹಸಿವೇ ಆಗಲ್ಲ!! ಮೂರು ವಾರದಲ್ಲಿ 9 ಕೆಜಿ ಗ್ಯಾರಂಟಿ, ಅಡ್ಡಪರಿಣಾಮ ಇಲ್ಲ. ಇನ್‌ಬಾಕ್ಸ್‌ಗೆ ಬನ್ನಿ

ಮೇಲ್ವಿಚಾರಕ · ಮಂಗಳವಾರ, ಸಂಜೆ 6:22

ಮೇಲಿನ ಖಾತೆಯನ್ನು ಮುಚ್ಚಲಾಗಿದೆ. ಜನರಿಗೆ ಗೊತ್ತಾಗಲಿ ಅಂತ ಬರಹವನ್ನು ಹಾಗೇ ಬಿಟ್ಟಿದ್ದೇವೆ, ಲಿಂಕ್ ಮಾತ್ರ ತೆಗೆದಿದ್ದೇವೆ.

ಬಿಳಿಕೋಟು · ಮಂಗಳವಾರ, ರಾತ್ರಿ 8:20

ಈ ಪುಡಿಗಳ ಬಗ್ಗೆಯೇ ಮೊದಲು ಬರೆಯುತ್ತೇನೆ, ಇದು ತಮಾಷೆ ವಿಷಯ ಅಲ್ಲ.

ಸಿಬುಟ್ರಮಿನ್ ಅಂತ ಹಸಿವು ತಗ್ಗಿಸುವ ಒಂದು ಮಾತ್ರೆ ಇತ್ತು. ಹೃದಯಾಘಾತ, ಪಾರ್ಶ್ವವಾಯು ಅಪಾಯ ಹೆಚ್ಚುತ್ತದೆ ಅಂತ 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ಹಿಂದಕ್ಕೆ ಹೋಯಿತು. ಆಮೇಲೂ "ಗಿಡಮೂಲಿಕೆ" ಅಂತ ಮಾರುವ ತೂಕ ಇಳಿಸುವ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಷ್ಟೋ ಸಲ ಎಚ್ಚರಿಕೆ ಕೊಟ್ಟಿದೆ. ಲೇಬಲ್ ಮೇಲೆ ಹೆಸರು ಇರುವುದಿಲ್ಲ. ಒಂದು ಪುಡಿಯಿಂದ ಹಸಿವು ಪೂರ್ತಿ ಮಾಯವಾಯಿತು, ಎದೆ ಡವಡವ ಅನ್ನುತ್ತಿದೆ, ನಿದ್ದೆ ಬರುತ್ತಿಲ್ಲ ಅಂದರೆ ಖುಷಿಪಡಬೇಡಿ. ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಗಾರ್ಸಿನಿಯಾ ಕಾಂಬೋಜಿಯಾ ಅನ್ನುವ ಹುಳಿ ಹಣ್ಣಿನ ಸಾರ ಇನ್ನೂ ಮಾರಾಟವಾಗುತ್ತಿದೆ. 1998ರಲ್ಲೇ 135 ಜನರ ಮೇಲೆ 12 ವಾರ ನೋಡಿ, ಔಷಧವೇ ಇಲ್ಲದ ಸುಳ್ಳು ಗುಳಿಗೆಗೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ಗೊತ್ತಾಗಿದೆ. ಹೂಡಿಯಾ ಅನ್ನುವ ಕಳ್ಳಿಯಂಥ ಗಿಡದ ಕಥೆಯೂ ಹೀಗೇ. ದಕ್ಷಿಣ ಆಫ್ರಿಕಾದ ಸಾನ್ ಜನ ಬೇಟೆಗೆ ಹೋದಾಗ ಹಸಿವು ತಡೆಯಲು ಅದನ್ನು ಅಗಿಯುತ್ತಿದ್ದರು. ಯೂನಿಲಿವರ್ ಕಂಪನಿ ಅದರ ಮೇಲೆ ದುಡ್ಡು ಸುರಿದು, 2008ರಲ್ಲಿ ಕೈಬಿಟ್ಟಿತು. ಪ್ರಯೋಗದಲ್ಲಿ ಊಟ ಕಡಿಮೆಯಾಗಲಿಲ್ಲ, ವಾಕರಿಕೆಯಂಥ ತೊಂದರೆಗಳು ಮಾತ್ರ ಬಂದವು.

ಸ್ವಲ್ಪವಾದರೂ ಆಧಾರ ಇರುವುದು ಅಂದರೆ ಗ್ಲುಕೋಮನ್ನಾನ್, ಕೊಂಜಾಕ್ ಗಡ್ಡೆಯ ನಾರು. ಇದು ತೂಕ ಇಳಿಸಲು ನೆರವಾಗುತ್ತದೆ ಅನ್ನುವ ವಾದವನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2010ರಲ್ಲಿ ಒಪ್ಪಿದೆ. ಆದರೆ ಷರತ್ತು ನೋಡಿ: ದಿನಕ್ಕೆ 3 ಗ್ರಾಂ, ಮೂರು ಸಲ ಒಂದೊಂದು ಗ್ರಾಂ, ಊಟಕ್ಕೆ ಮೊದಲು, ಒಂದೆರಡು ಲೋಟ ನೀರಿನ ಜೊತೆ, ಅದೂ ಕಡಿಮೆ ಕ್ಯಾಲೊರಿಯ ಊಟ ಮಾಡುತ್ತಿದ್ದರೆ. ನೀರು ಸಾಲದೆ ಹೋದರೆ ಗಂಟಲಲ್ಲೇ ಊದಿ ಉಸಿರು ಕಟ್ಟಬಹುದು. ನುಂಗಲು ಕಷ್ಟ ಇರುವವರು ಮುಟ್ಟಲೇಬೇಡಿ.

ಹಸಿದ_ಹೊಟ್ಟೆ · ಮಂಗಳವಾರ, ರಾತ್ರಿ 8:41

ಮೇಡಂ, ಮೊಟ್ಟೆ ಮತ್ತು ಓಟ್ಸ್ ತಿಂದರೆ ಆ ತೂಕ ಇಳಿಸುವ ಇಂಜೆಕ್ಷನ್ ಥರಾನೇ ಕೆಲಸ ಮಾಡುತ್ತವೆ ಅಂತ ಒಂದು ವಿಡಿಯೋ ನೋಡಿದೆ. ನಿಜವಾ?

ಬಿಳಿಕೋಟು · ಮಂಗಳವಾರ, ರಾತ್ರಿ 9:15

ಅರ್ಧ ನಿಜ ಹೇಳಿ ಪೂರ್ತಿ ಮೋಸ ಮಾಡುವುದು ಅಂದರೆ ಇದೇ.

ಊಟ ಕರುಳಿಗೆ ಇಳಿದಾಗ ಅಲ್ಲಿಂದ ಜಿಎಲ್‌ಪಿ-1 ಅನ್ನುವ ಹಾರ್ಮೋನು ಹೊರಡುತ್ತದೆ. "ಸಾಕು" ಅಂತ ಮೆದುಳಿಗೆ ಹೇಳುವವರಲ್ಲಿ ಅದೂ ಒಂದು. ಪ್ರೋಟೀನ್, ನಾರು ಇರುವ ಊಟ ಅದನ್ನು ಹೊರಡಿಸುತ್ತದೆ, ನಿಜ. ಆದರೆ ನಮ್ಮ ದೇಹದ ಜಿಎಲ್‌ಪಿ-1 ರಕ್ತದಲ್ಲಿ ಎರಡೇ ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ನೀವು ಹೇಳಿದ ತೂಕ ಇಳಿಸುವ ಇಂಜೆಕ್ಷನ್, ಅಂದರೆ ಆ ಹಾರ್ಮೋನಿನ ಥರಾನೇ ಕೆಲಸ ಮಾಡುವ ಸೆಮಾಗ್ಲುಟೈಡ್, ಅರ್ಧ ಆಗಲು ಸುಮಾರು ಒಂದು ವಾರ ಬೇಕು. 2021ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಅದು 68 ವಾರದಲ್ಲಿ ಸರಾಸರಿ 15 ಪರ್ಸೆಂಟ್ ತೂಕ ಇಳಿಸಿತು. ಬೆಂಕಿಕಡ್ಡಿಯೂ ಬೆಳಕೇ, ಬೀದಿದೀಪವೂ ಬೆಳಕೇ. ಒಂದೇ ಅನ್ನಲು ಆಗುತ್ತದಾ?

ಹಾಗಂತ ಕಡ್ಡಿ ಬಿಸಾಡಬೇಡಿ. 2005ರಲ್ಲಿ ಒಂದು ಪ್ರಯೋಗ ಆಯಿತು. ಊಟದಲ್ಲಿ ಪ್ರೋಟೀನಿನ ಪಾಲನ್ನು 15 ಪರ್ಸೆಂಟಿನಿಂದ 30ಕ್ಕೆ ಏರಿಸಿ, "ಬೇಕಾದಷ್ಟು ತಿನ್ನಿ" ಅಂದರು. ಜನ ತಾವಾಗಿಯೇ ದಿನಕ್ಕೆ 441 ಕ್ಯಾಲೊರಿ ಕಡಿಮೆ ತಿಂದರು. 12 ವಾರದಲ್ಲಿ 5 ಕೆಜಿ ಹತ್ತಿರ ಇಳಿದರು. ಪಿಶಾಚಿಯವರೇ, ಇದರಲ್ಲಿ ತೂಕ ಅಳೆದಿದ್ದಾರೆ.

ನನ್ನ ಹತ್ತಿರ ಬರುವವರಿಗೆ ನಾನು ಹೇಳುವುದೂ ಇದನ್ನೇ. ಮೊಟ್ಟೆ, ಮೀನು, ಕಾಳು, ಮೊಸರು, ಯಾವುದು ನಿಮಗೆ ಒಗ್ಗುತ್ತದೋ ಅದು ಪ್ರತಿ ಊಟದಲ್ಲೂ ಕಣ್ಣಿಗೆ ಕಾಣುವಷ್ಟು ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಕೊಂಡು ಮಾಡಿ.

ಸಂಶಯ_ಪಿಶಾಚಿ · ಮಂಗಳವಾರ, ರಾತ್ರಿ 9:33

ಅಳೆದಿದ್ದಾರೆ, ಸರಿ. ಆದರೆ ಅದರಲ್ಲಿ ಇದ್ದವರು 19 ಜನ. ನನಗೆ ಇನ್ನೂ ಹೆಚ್ಚು ನಂಬಿಕೆ ಬಂದದ್ದು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ 2019ರ ಪ್ರಯೋಗದಿಂದ. ಅಲ್ಲಿಯೂ 20 ಜನವೇ, ಆದರೆ ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಪ್ರತಿ ತುತ್ತು ತೂಕ ಮಾಡಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪ್ಯಾಕೆಟ್ ಊಟ, ಎರಡು ವಾರ ಸಾದಾ ಅಡುಗೆ. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸಮ. ತಿನ್ನುವುದು ಅವರವರ ಇಷ್ಟ. ಪ್ಯಾಕೆಟ್ ಊಟದ ದಿನಗಳಲ್ಲಿ ದಿನಕ್ಕೆ 500 ಕ್ಯಾಲೊರಿ ಜಾಸ್ತಿ ತಿಂದರು, 0.9 ಕೆಜಿ ಏರಿದರು. ಸಾದಾ ಅಡುಗೆಯಲ್ಲಿ 0.9 ಕೆಜಿ ಇಳಿದರು. ಪ್ಯಾಕೆಟ್ ಊಟವನ್ನು ಬೇಗ ಬೇಗ ನುಂಗುತ್ತಿದ್ದರು ಅನ್ನುವುದೂ ಗೊತ್ತಾಯಿತು.

ಅದಕ್ಕೇ ನಾನು ಹೇಳುವುದು, ಹಸಿವು ಕೊಲ್ಲುವ ಆಹಾರ ಹುಡುಕಬೇಡಿ. ಹಸಿವು ಕೆರಳಿಸುವುದನ್ನು ಮನೆಗೆ ತರಬೇಡಿ. ಬಿಸ್ಕತ್ ಡಬ್ಬಿಯೇ ಇಲ್ಲದಿದ್ದರೆ ಕೈ ಎಲ್ಲಿ ಹೋಗುತ್ತದೆ?

ಹಸಿದ_ಹೊಟ್ಟೆ · ಮಂಗಳವಾರ, ರಾತ್ರಿ 9:36

ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ಸರ್. ಡಬ್ಬಿ ಅವರದ್ದು. ಅಂತ ಹೆಸರಿಗೆ.

ರಾತ್ರಿ_ಪಾಳಿ · ಬುಧವಾರ, ಬೆಳಗಿನ ಜಾವ 4:10

ಯಾರೂ ನಿದ್ದೆಯ ಮಾತು ಎತ್ತಲಿಲ್ಲ. ಪಾಳಿ ಮುಗಿಸಿ ನಾಲ್ಕು ಗಂಟೆ ಮಲಗಿ ಎದ್ದ ದಿನ ನನಗೆ ಆಲೂಗಡ್ಡೆ, ಮೊಟ್ಟೆ, ಸೂಪ್ ಯಾವುದೂ ನಾಟುವುದಿಲ್ಲ. ಸಿಹಿ ಬೇಕು, ಕರಿದದ್ದು ಬೇಕು, ಈಗಲೇ ಬೇಕು. ಚೆನ್ನಾಗಿ ಮಲಗಿದ ದಿನ ಅದೇ ಸೇಬು ಸಾಕಾಗುತ್ತದೆ.

2022ರಲ್ಲಿ ಶಿಕಾಗೋದಲ್ಲಿ 80 ಜನರ ಮೇಲೆ ನೋಡಿದ್ದಾರೆ. ಎಲ್ಲರೂ ಆರೂವರೆ ಗಂಟೆಗಿಂತ ಕಡಿಮೆ ಮಲಗುವವರು. ಅರ್ಧ ಜನರಿಗೆ ನಿದ್ದೆ ಹೇಗೆ ಜಾಸ್ತಿ ಮಾಡಿಕೊಳ್ಳಬೇಕು ಅಂತ ಹೇಳಿಕೊಟ್ಟರು. ಊಟದ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಅವರು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಮಲಗಿ, ದಿನಕ್ಕೆ 270 ಕ್ಯಾಲೊರಿ ಕಡಿಮೆ ತಿಂದರು.

ಹಸಿದ ಹೊಟ್ಟೆಯವರೇ, ನೀವು ಎಷ್ಟು ಗಂಟೆ ಮಲಗುತ್ತೀರಿ?

ಹಸಿದ_ಹೊಟ್ಟೆ · ಬುಧವಾರ, ಬೆಳಿಗ್ಗೆ 6:50

ಐದೂವರೆ. ಆರು. ಮೊಬೈಲ್ ಬಿಡುವುದಿಲ್ಲ.

ಮತ್ತೆ_ಉಣ್ಣಲು_ಕಲಿತವಳು · ಬುಧವಾರ, ಬೆಳಿಗ್ಗೆ 11:25

ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಇದ್ದಾಗ ಹಸಿವು ಅಡಗಿಸುವ ಎಲ್ಲ ಉಪಾಯವೂ ನನಗೆ ಗೊತ್ತಿತ್ತು. ಹಸಿವಾದರೆ ಕಪ್ಪು ಕಾಫಿ. ಮತ್ತೆ ಹಸಿವಾದರೆ ಎರಡು ಲೋಟ ನೀರು. ಆಮೇಲೆ ಚ್ಯೂಯಿಂಗ್ ಗಮ್. ಮಧ್ಯಾಹ್ನ ಮೂರಕ್ಕೆ ಕೈ ನಡುಗುತ್ತಿತ್ತು, ನನಗೆ ಅದು ಗೆದ್ದ ಹಾಗೆ ಅನಿಸುತ್ತಿತ್ತು. ಮುಟ್ಟು ನಿಂತು ಏಳು ತಿಂಗಳಾದ ಮೇಲೆ ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸರಿಹೋಗಲು ಎರಡು ವರ್ಷ ಹಿಡಿಯಿತು.

1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಅವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರಂತೆ, ತಟ್ಟೆ ನೆಕ್ಕುತ್ತಿದ್ದರಂತೆ, ಗಮ್ ಅಗಿಯುತ್ತಿದ್ದರಂತೆ. ಅದನ್ನು ಓದಿದಾಗ ಅತ್ತುಬಿಟ್ಟೆ. ನನಗೆ ಹುಚ್ಚು ಹಿಡಿದಿರಲಿಲ್ಲ, ಹಸಿವಾಗಿತ್ತು ಅಷ್ಟೇ.

ಇಲ್ಲಿ ಚಿಕ್ಕ ವಯಸ್ಸಿನವರೂ ಓದುತ್ತಿರಬಹುದು, ಅದಕ್ಕೆ ಹೇಳಿದೆ.

ಅಡುಗೆಮನೆ_ಅಕ್ಕ · ಬುಧವಾರ, ಮಧ್ಯಾಹ್ನ 12:02

ಬರೆದಿದ್ದು ಒಳ್ಳೆಯದಾಯಿತು ಕಣಮ್ಮ.

ಬಿಳಿಕೋಟು · ಬುಧವಾರ, ರಾತ್ರಿ 8:05

ನನ್ನ ಕಡೆಯಿಂದಲೂ ಧನ್ಯವಾದ. ಇದಕ್ಕೆ ಸೇರಿದ್ದೇ ಒಂದು ಮಾತು. ತೂಕ ಇಳಿದ ಮೇಲೆ ಹಸಿವು ಜಾಸ್ತಿಯಾಗುವುದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ. ಪಿಶಾಚಿಯವರು ಹೇಳಿದ ಕೆವಿನ್ ಹಾಲ್ ಅವರದ್ದೇ ತಂಡ 2016ರಲ್ಲಿ ಲೆಕ್ಕ ಹಾಕಿದೆ: ಇಳಿದ ಪ್ರತಿ ಕೆಜಿಗೆ ದೇಹ ದಿನಕ್ಕೆ ಸುಮಾರು 100 ಕ್ಯಾಲೊರಿ ಜಾಸ್ತಿ ಕೇಳುತ್ತದೆ. 5 ಕೆಜಿ ಇಳಿದವರಿಗೆ ದಿನಾ 500 ಕ್ಯಾಲೊರಿಯಷ್ಟು ಜಾಸ್ತಿ ಹಸಿವು. ಆಹಾರದ ಆಯ್ಕೆ ನಿಜಕ್ಕೂ ಬೇಕಾಗುವುದು ಆಗಲೇ. ಮೊದಲ ತಿಂಗಳು ಹುಮ್ಮಸ್ಸಿನಲ್ಲಿ ಯಾರು ಬೇಕಾದರೂ ಇಳಿಸುತ್ತಾರೆ.

ಹಸಿದ_ಹೊಟ್ಟೆ · ನಾಲ್ಕು ವಾರದ ನಂತರ, ಭಾನುವಾರ, ಸಂಜೆ 6:30

ಎಲ್ಲರಿಗೂ ಮತ್ತೆ ನಮಸ್ಕಾರ. ವರದಿ ಒಪ್ಪಿಸಲು ಬಂದೆ.

ವಿನೆಗರ್ ನಿಲ್ಲಿಸಿದೆ. ಬಾದಾಮಿ ಎಣಿಸಿ 15, ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಊಟದಲ್ಲಿ ಎರಡು ಮೊಟ್ಟೆ ಅಥವಾ ಒಂದು ದೊಡ್ಡ ಬಟ್ಟಲು ಕಾಳು. ಸಂಜೆ 6ಕ್ಕೆ ಎರಡು ಬೇಯಿಸಿದ ಆಲೂಗಡ್ಡೆ, ಉಪ್ಪು, ಮೆಣಸಿನಪುಡಿ. ಬಿಸ್ಕತ್ತಿನ ಬದಲಿಗೆ. ಅಕ್ಕ ಹೇಳಿದ ಆ ಒಂದು ಪದವನ್ನು ಬರೆದು ಡಬ್ಬಿ ಮೇಲೆ ಅಂಟಿಸಿದ್ದೇನೆ. ಮಕ್ಕಳು ನಗುತ್ತಾರೆ.

ಮೊದಲ ವಾರ ಕೆಟ್ಟುಹೋಯಿತು. ಆಲೂಗಡ್ಡೆ ತಿಂದು ಹೊಟ್ಟೆ ಬಿರಿಯುವಷ್ಟು ತುಂಬಿದ್ದರೂ ಕೈ ಡಬ್ಬಿ ಕಡೆಗೆ ಹೋಯಿತು. ಆಗ ಗೊತ್ತಾಯಿತು, ಅದು ಹಸಿವಲ್ಲ. ಮನೆಗೆ ಬಂದೆ, ಕೆಲಸ ಮುಗಿಯಿತು ಅಂತ ಹೇಳಿಕೊಳ್ಳುವ ರೀತಿ ಅದು ನನಗೆ. ಈಗ ಬಂದ ತಕ್ಷಣ ಮೊದಲು ಸ್ನಾನ ಮಾಡುತ್ತೇನೆ, ಆಮೇಲೆ ತಿನ್ನುತ್ತೇನೆ. ಆ ಹತ್ತು ನಿಮಿಷದಲ್ಲಿ ಅರ್ಧ ಆಸೆ ಇಳಿದುಹೋಗುತ್ತದೆ. ನಿದ್ದೆ ಆರೂಮುಕ್ಕಾಲಿಗೆ ಬಂದಿದೆ, ರಾತ್ರಿ ಪಾಳಿಯವರಿಗೆ ಥ್ಯಾಂಕ್ಸ್.

ತೂಕ 87.9. ಮೊದಲು 88 ಅಂತ ಬರೆದದ್ದು ಹಳೆಯ ಲೆಕ್ಕ, ಶುರು ಮಾಡಿದ ದಿನ 89.5 ಇತ್ತು.

ಲೆಕ್ಕದ_ಮೇಷ್ಟ್ರು · ಭಾನುವಾರ, ಸಂಜೆ 7:02

1.6 ಕೆಜಿ. ನಾಲ್ಕು ವಾರಕ್ಕೆ ಚೆನ್ನಾಗಿದೆ. ಅದೇ ತಕ್ಕಡಿ, ಅದೇ ಹೊತ್ತಾ?

ಹಸಿದ_ಹೊಟ್ಟೆ · ಭಾನುವಾರ, ಸಂಜೆ 7:06

ಅದೇ ತಕ್ಕಡಿ, ಬೆಳಿಗ್ಗೆ ಎದ್ದ ಕೂಡಲೇ.

ಸಂಶಯ_ಪಿಶಾಚಿ · ಭಾನುವಾರ, ಸಂಜೆ 7:15

ಆರು ತಿಂಗಳಾದ ಮೇಲೆ ಬಂದು ಹೇಳಿ, ಆಗ ಚಪ್ಪಾಳೆ ತಟ್ಟುತ್ತೇನೆ. ಅಲ್ಲಿಯವರೆಗೆ ಅರ್ಧ ಚಪ್ಪಾಳೆ.

ಅಡುಗೆಮನೆ_ಅಕ್ಕ · ಭಾನುವಾರ, ರಾತ್ರಿ 8:20

ಸಂತೋಷ ಆಯಿತು. ಒಂದು ಅನುಮಾನ ಮಾತ್ರ. ಬರೀ ಉಪ್ಪು, ಮೆಣಸಿನಪುಡಿ ಹಾಕಿದ ಒಣ ಆಲೂಗಡ್ಡೆಯನ್ನು ನಾಲ್ಕು ವಾರ ದಿನಾ ತಿಂದವರನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ಹಸಿದ_ಹೊಟ್ಟೆ · ಭಾನುವಾರ, ರಾತ್ರಿ 8:34

ಒಂದು ಚಮಚ ಬೆಣ್ಣೆ ಇರುತ್ತದೆ ಅಕ್ಕಾ. ಬರೆದಿರಲಿಲ್ಲ.

ಅಡುಗೆಮನೆ_ಅಕ್ಕ · ಭಾನುವಾರ, ರಾತ್ರಿ 8:35

ದೊಡ್ಡ ಚಮಚವೋ, ಚಿಕ್ಕ ಚಮಚವೋ?